ಮೊದಲ ಪುಟ್ಟ ಗೇಮಿಂಗ್ ಪಿಸಿ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ತೀರ್ಥಹಳ್ಳಿ, ಕೊಪ್ಪದ ಕಡೆಯ ನೆಂಟರ ಹುಡುಗರು, ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಒಮ್ಮೊಮ್ಮೆ ಅವರ ಅಪ್ಪಂದಿರು. ಕೇಳುವವರು ಬೇರೆ, ಪ್ರಶ್ನೆಗಳು ಅವೇ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ. ನಾನು ಅಂಗಡಿಯವನಲ್ಲ. ಜಗಲಿಯಲ್ಲಿ ಕೂತು ಕೆಲವು ವರ್ಷಗಳಿಂದ ಪಿಸಿ ಜೋಡಿಸಿಕೊಡುತ್ತಿದ್ದೇನೆ, ಕೆಲವನ್ನು ಕೆಡಿಸಿಯೂ ಇದ್ದೇನೆ.

ಚಿಕ್ಕ ಪಿಸಿ ಬೇಕು ಅಂದ್ರೆ ಮಿನಿ ಐಟಿಎಕ್ಸೇ ತಗೋಬೇಕಾ?

ಬೇಡ ಮಾರಾಯ್ರೇ.

ಬೋರ್ಡು ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮದರ್‌ಬೋರ್ಡು. ಮಿನಿ ಐಟಿಎಕ್ಸ್ ಬೋರ್ಡು 170 ಮಿ.ಮೀ. ಉದ್ದ, ಅಷ್ಟೇ ಅಗಲ. ವಯಾ ಕಂಪನಿ 2001ರಲ್ಲಿ ತಂದ ಅಳತೆ ಅದು. ಮೈಕ್ರೋ ಎಟಿಎಕ್ಸ್ ಬೋರ್ಡು ಹೆಚ್ಚೆಂದರೆ 244 ಮಿ.ಮೀ. ಚೌಕ, ಒಂದು ಗೇಣಿಗಿಂತ ಚೂರು ಜಾಸ್ತಿ. ಟೇಪು ಹಿಡಿದರೆ ವ್ಯತ್ಯಾಸ ಏಳೂವರೆ ಸೆಂಟಿಮೀಟರು, ಬಿಲ್ಲು ಹಿಡಿದರೆ ಬೇರೆಯೇ ಕಥೆ. ಒಂದೇ ಚಿಪ್‌ಸೆಟ್ಟಿನ ಎರಡು ಬೋರ್ಡುಗಳಲ್ಲಿ ಐಟಿಎಕ್ಸೇ ದುಬಾರಿ. ಅದಕ್ಕೆ ಹೊಂದುವ ಚೆಂದದ ಕ್ಯಾಬಿನೆಟ್ಟೂ ದುಬಾರಿ. ತೀರಾ ಪುಟ್ಟ ಕ್ಯಾಬಿನೆಟ್ಟಾದರೆ ಮಾಮೂಲಿ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆ) ಹಿಡಿಸದೆ ಎಸ್‌ಎಫ್‌ಎಕ್ಸ್ ಅಳತೆಯದು ಬೇಕಾಗುತ್ತದೆ, ಅದು ಇನ್ನೂ ದುಬಾರಿ. ಮೂರನ್ನೂ ಕೂಡಿದರೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕಾದಷ್ಟು ದುಡ್ಡು ಹೋಗಿರುತ್ತದೆ. ಪಿಸಿ ಪುಟ್ಟದಾಯಿತು, ಆಟವೂ ಪುಟ್ಟದಾಯಿತು.

ಇನ್ನೊಂದು ಕಾರಣ ನಮ್ಮ ಊರಿನದು. ಮೈಕ್ರೋ ಎಟಿಎಕ್ಸ್ ಬೋರ್ಡು ಸುಟ್ಟುಹೋದರೆ ಶಿವಮೊಗ್ಗದಲ್ಲೇ ಮಾರನೇ ದಿನ ಇನ್ನೊಂದು ಸಿಗುವ ಸಾಧ್ಯತೆ ಇದೆ. ಐಟಿಎಕ್ಸ್ ಕೇಳಿ ನೋಡಿ, ‘ತರಿಸಿ ಕೊಡ್ತೀನಿ ಸರ್’ ಅನ್ನುತ್ತಾರೆ.

ಚಿಕ್ಕ ಕ್ಯಾಬಿನೆಟ್ಟುಗಳ ಗಾತ್ರವನ್ನು ಹಾಲಿನ ಹಾಗೆ ಲೀಟರಿನಲ್ಲಿ ಹೇಳುವುದು ರೂಢಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರು. ಮಾಮೂಲಿ ದೊಡ್ಡ ಟವರು ಡೈರಿಯ 40 ಲೀಟರಿನ ಕ್ಯಾನಿಗಿಂತ ದೊಡ್ಡದು. ಐಟಿಎಕ್ಸ್‌ನ ಹೆಸರುವಾಸಿ ಕ್ಯಾಬಿನೆಟ್ಟು ಕೂಲರ್ ಮಾಸ್ಟರ್ ಎನ್‌ಆರ್200 ಸುಮಾರು 18 ಲೀಟರು. ಮೈಕ್ರೋ ಬೋರ್ಡು ಹಿಡಿಸುವ ಲಿಯಾನ್ ಲಿ ಎ3 ಸುಮಾರು 26. ಆ ಎಂಟು ಲೀಟರಿಗಾಗಿ ಅಷ್ಟು ದುಡ್ಡು ಸುರಿಯುವುದು ಎರಡನೇ ಪಿಸಿಯ ಚಟ, ಮೊದಲನೆಯದಕ್ಕೆ ಬೇಡ.

ನೀವು ಎಲ್ಲೂ ರೇಟ್ ಬರೆದಿಲ್ವಲ್ಲ?

ಅಡಿಕೆ ಧಾರಣೆಯನ್ನು ಯಾರಾದರೂ ಗೋಡೆಯ ಮೇಲೆ ಪೇಂಟಿನಲ್ಲಿ ಬರೆಸುತ್ತಾರಾ? ಇದೂ ಹಾಗೆಯೇ. 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ಏರಿದ ಪರಿ ನೋಡಿದವರಿಗೆ ಗೊತ್ತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಾರಾಸಗಟಾಗಿ ಎತ್ತಿಕೊಂಡವು, ಅದರ ಬಿಸಿ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯವರೆಗೂ ಬಂತು. ಅದಕ್ಕೇ ರೂಪಾಯಿ ಬಿಟ್ಟು ಪಾಲು ಹೇಳುತ್ತೇನೆ. ಮಾನಿಟರು, ಕೀಬೋರ್ಡು ಬಿಟ್ಟು ಉಳಿದ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು, ಆದರೆ ಇನ್ನೂ ಸ್ವಲ್ಪ ಹೆಚ್ಚು, ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರಿಗೆ ಅದರ ಅರ್ಧ. ಎಸ್‌ಎಂಪಿಎಸ್ಸಿಗೆ ನಿಮ್ಮ ಮನಸ್ಸಿನಲ್ಲಿ ಎಷ್ಟಿದೆಯೋ ಅದರ ಎರಡರಷ್ಟು.

ಕೊನೆಯದು ತಮಾಷೆಯಲ್ಲ. ಮುಂದೆ ಬರುತ್ತದೆ.

ಪ್ರೊಸೆಸರ್ ಯಾವುದು?

ಕಡಿಮೆ ದುಡ್ಡಿಗೆ ಇವತ್ತಿಗೂ ನನ್ನ ಮೊದಲ ಆಯ್ಕೆ ಎಎಂಡಿ ಕಂಪನಿಯ ರೈಜೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟಿನ ಲೆಕ್ಕ. ಬಾಕ್ಸಿನೊಳಗೇ ಕೂಲರ್ ಬರುತ್ತದೆ, ಅದರ ಎತ್ತರ 54 ಮಿ.ಮೀ., ಆದ್ದರಿಂದ ಹೆಚ್ಚಿನ ಗಿಡ್ಡ ಕ್ಯಾಬಿನೆಟ್ಟುಗಳಿಗೂ ಹಿಡಿಸುತ್ತದೆ. ಇಂಟೆಲ್ ಬೇಕೆನ್ನುವವರಿಗೆ ಐ5-12400ಎಫ್, ಅದೂ ಆರು ಕೋರಿನದೇ. ಇನ್ನೂ ಕೈ ಬಿಗಿ ಇದ್ದರೆ ನಾಲ್ಕು ಕೋರಿನ ಐ3-12100ಎಫ್. ಹೆಸರಿನ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಹಾಕದೆ ಪರದೆಯೇ ಬೆಳಗುವುದಿಲ್ಲ.

‘5600 ಹಾಕುವ ಎಎಂ4 ಸಾಕೆಟ್ ಹಳೆಯದಾಯಿತಲ್ಲ, ಎಎಂ5 ತಗೊಂಡರೆ ಮುಂದೆ ಪ್ರೊಸೆಸರ್ ಬದಲಿಸಬಹುದಲ್ಲ?’ ಅಂತ ಕೇಳುವವರಿದ್ದಾರೆ. ಮಾತು ಸರಿಯೇ. ಎಎಂ5ನ್ನು 2027 ದಾಟಿಯೂ ನಡೆಸುತ್ತೇವೆಂದು ಎಎಂಡಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ರ್ಯಾಮೇ ಆಗಬೇಕು, ಡಿಡಿಆರ್4 ನಡೆಯದು. ಮನೆಯಲ್ಲಿ ಹಳೇ ಡಿಡಿಆರ್4 ಕಡ್ಡಿಗಳಿದ್ದರೆ, ಅಥವಾ ಪರಿಚಯದವರಿಂದ ಸಿಗುವಂತಿದ್ದರೆ, ಎಎಂ4 ಕಡೆಗೇ ತಕ್ಕಡಿ ವಾಲುತ್ತದೆ. ಎಲ್ಲವನ್ನೂ ಹೊಸದೇ ಕೊಳ್ಳುವುದಾದರೆ ಎರಡಕ್ಕೂ ಕೊಟೇಶನ್ ತಗೊಂಡು ನೋಡಿ.

ಇಲ್ಲೊಂದು ಗುಂಡಿ ಇದೆ. ಇಂಟೆಲ್‌ನ ಎಚ್610 ಬೋರ್ಡುಗಳಲ್ಲಿ ಡಿಡಿಆರ್4ರದ್ದೂ ಇವೆ, ಡಿಡಿಆರ್5ರದ್ದೂ ಇವೆ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒತ್ತಿದರೂ ಕೂರುವುದಿಲ್ಲ. ಬೋರ್ಡಿನ ಹೆಸರನ್ನು ಕೊನೇ ಅಕ್ಷರದವರೆಗೆ ಓದಿ.

ಬಾಕ್ಸ್ ಪೀಸ್, ಟ್ರೇ ಪೀಸ್ ಅಂದ್ರೆ ಎಂತ?

ಕಂಪನಿಯ ಡಬ್ಬಿಯಲ್ಲೇ ಬರುವ ಪ್ರೊಸೆಸರು ಬಾಕ್ಸ್ ಪೀಸು. ಅದಕ್ಕೆ ಎಎಂಡಿ ಆಗಲಿ ಇಂಟೆಲ್ ಆಗಲಿ ಮೂರು ವರ್ಷದ ವಾರಂಟಿ ಕೊಡುತ್ತದೆ. ಟ್ರೇ ಪೀಸು ಕಂಪ್ಯೂಟರ್ ತಯಾರಕರಿಗೆ ಸಗಟಾಗಿ ಹೋಗುವ ಮಾಲು, ಕೂಲರ್ ಇರುವುದಿಲ್ಲ, ವಾರಂಟಿ ಅಂಗಡಿಯವರು ಬಾಯಲ್ಲಿ ಹೇಳಿದಷ್ಟು. ಬಿಲ್ಲಿನಲ್ಲಿ ಬರೆಸಿಕೊಂಡರೆ ಮಾತ್ರ ಲೆಕ್ಕಕ್ಕೆ.

ಈಗ ಕಾರ್ಡ್ ಇಲ್ಲದೆ ಶುರು ಮಾಡಿ, ಮುಂದಿನ ಸುಗ್ಗಿಗೆ ಹಾಕ್ಕೊಂಡ್ರೆ ಆಗಲ್ವಾ?

ಆಗುತ್ತದೆ, ಮತ್ತು ಇದು ಜಾಣತನದ ದಾರಿ. ರೈಜೆನ್ 5 5600ಜಿ ಒಳಗೇ ಒಂದು ಸಾಧಾರಣ ಗ್ರಾಫಿಕ್ಸ್ ಇದೆ. ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್ 2 ಥರದವನ್ನು ಸೆಟ್ಟಿಂಗ್ ಇಳಿಸಿ ಆಡಬಹುದು. ಹೊಸ ಭಾರಿ ಆಟಗಳನ್ನು ಮರೆತುಬಿಡಿ. ಷರತ್ತು ಒಂದೇ: ರ್ಯಾಮು ಎರಡು ಕಡ್ಡಿಯಾಗಿರಬೇಕು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ್ಯಾಮಿನಿಂದಲೇ ಎರವಲು ತರಬೇಕು. ಒಂದೇ ಕಡ್ಡಿ ಹಾಕಿದರೆ ದಾರಿ ಒಂದೇ ಆಗಿ ಆಟ ಕುಂಟುತ್ತದೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಲೇಸು.

ಕೊರತೆಯೂ ಹೇಳಬೇಕು. ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಗೆ ಪಿಸಿಐಇ ಎನ್ನುತ್ತಾರೆ. 5600ಜಿ ಪಿಸಿಐಇ 3.0ಕ್ಕೆ ನಿಲ್ಲುತ್ತದೆ, 5600ರಲ್ಲಿ 4.0 ಇದೆ. ಆರ್‌ಎಕ್ಸ್ 6600ರಂಥ ಎಂಟು ಲೇನಿನ ಕಾರ್ಡಿಗೆ ಸ್ವಲ್ಪ ಹೊಡೆತ. ನಾಲ್ಕೇ ಲೇನಿರುವ ಆರ್‌ಎಕ್ಸ್ 6400 ಹಾಕಿದರೆ ಚೆನ್ನಾಗೇ ಹೊಡೆತ.

ಕಾರ್ಡ್ ಯಾವುದು ಹಾಕಲಿ?

ನಿಮ್ಮ ಮಾನಿಟರು 1080ಪಿ (ಫುಲ್ ಎಚ್‌ಡಿ) ಆಗಿದ್ದರೆ, ಮೊದಲ ಪಿಸಿಯವರಲ್ಲಿ ಹೆಚ್ಚಿನವರದು ಅದೇ, 8 ಜಿಬಿ ಮೆಮೊರಿಯ ಕಾರ್ಡಿಗಿಂತ ಕೆಳಗೆ ಇಳಿಯಬೇಡಿ. ಆರ್‌ಎಕ್ಸ್ 6600 ಎಂಬುದು 2021ರ ಕಾರ್ಡು, ಹಳೆಯದೆಂದು ಮೂಗು ಮುರಿಯುವವರಿದ್ದಾರೆ. ನನಗದು ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ: 132 ವ್ಯಾಟು, ಎಂಟು ಪಿನ್ನಿನ ಒಂದೇ ವಯರು, ಎರಡು ಫ್ಯಾನಿನ ಗಿಡ್ಡ ಮಾದರಿಗಳೂ ಇವೆ. ದುಡ್ಡು ಹೆಚ್ಚಿದ್ದರೆ ಆರ್‌ಟಿಎಕ್ಸ್ 4060, ಅದು 115 ವ್ಯಾಟಿಗೇ ಮುಗಿಸುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಕಡಿಮೆ ವ್ಯಾಟು ಅಂದರೆ ಕಡಿಮೆ ಶಾಖ, ಕಡಿಮೆ ಸದ್ದು, ಯುಪಿಎಸ್ಸಿಗೂ ಕಡಿಮೆ ಕಷ್ಟ. ಹಾಗಾಗಿ ವ್ಯಾಟ್ ನೋಡಿಯೇ ಕಾರ್ಡು ಆರಿಸಿ ಅನ್ನುತ್ತೇನೆ.

ಆರ್‌ಟಿಎಕ್ಸ್ 3050 ಹೆಸರಿನಲ್ಲಿ ಎರಡು ಬೇರೆ ಕಾರ್ಡುಗಳಿವೆ. 8 ಜಿಬಿಯದು ಒಂದು, 2024ರಲ್ಲಿ ಬಂದ 6 ಜಿಬಿಯದು ಇನ್ನೊಂದು. ಎರಡನೆಯದರಲ್ಲಿ ಮೆಮೊರಿ ಮಾತ್ರವಲ್ಲ, ಕೋರುಗಳೂ ಕಡಿಮೆ. ಒಳ್ಳೆಯ ರಾಶಿ ಇಡಿ ಅಡಿಕೆ ಎಂದು ಹೇಳಿ ಕೀಳು ದರ್ಜೆಯ ಗೊರಬಲು ತೂಗಿದ ಹಾಗೆ. ಆದರೆ ಈ ಗೊರಬಲಿಗೂ ಒಂದು ಉಪಯೋಗ ಇದೆ. ಅದು 70 ವ್ಯಾಟಿನದು, ಹೆಚ್ಚಿನ ಮಾದರಿಗಳಿಗೆ ಬೇರೆ ಪವರ್ ವಯರೇ ಬೇಡ, ಸ್ಲಾಟಿನಿಂದಲೇ ಕರೆಂಟು ತಗೊಳ್ಳುತ್ತದೆ. ಆಫೀಸಿನಿಂದ ಹರಾಜಾದ ಹಳೆಯ ಪುಟ್ಟ ಡೆಸ್ಕ್‌ಟಾಪಿಗೆ ಹಾಕಲು ಅದಕ್ಕಿಂತ ಸಲೀಸಾದದ್ದು ಕಡಿಮೆ.

ಇಂಟೆಲ್‌ನ ಆರ್ಕ್ ಬಿ580 12 ಜಿಬಿ ಕೊಡುತ್ತದಲ್ಲ ಎಂದು ಕೇಳುತ್ತಾರೆ. ಒಳ್ಳೆಯದೇ, ಆದರೆ 190 ವ್ಯಾಟು, ಬಯೋಸಿನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ರೀಸೈಜಬಲ್ ಬಾರ್ ಎಂಬ ಸೆಟ್ಟಿಂಗ್ ಆನ್ ಇರಲೇಬೇಕು, ಹಳೆಯ ಪ್ರೊಸೆಸರಿನ ಜೊತೆ ಅದರ ಪೂರ್ತಿ ಕಸುವು ಹೊರಬರುವುದಿಲ್ಲ. ನಮ್ಮ ಬಜೆಟ್ಟಿನ ಪಿಸಿಗೆ ಹೊಂದಿಕೆಯಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೋಬಹುದಾ?

ಮಾರುವವರ ಮನೆಗೇ ಹೋಗಿ ಅವರದೇ ಪಿಸಿಯಲ್ಲಿ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ ತಗೊಳ್ಳಿ. ಪರದೆಯಲ್ಲಿ ಬಣ್ಣದ ಚೌಕಗಳು ಮಿನುಗಿದರೆ ಮೆಮೊರಿ ಸೋತಿದೆ ಎಂದರ್ಥ, ‘ಡ್ರೈವರ್ ಸಮಸ್ಯೆ’ ಎನ್ನುವ ಮಾತು ನಂಬಬೇಡಿ. ಕರಾವಳಿಯಿಂದ ಬಂದ ಕಾರ್ಡಾದರೆ ಹಿಂಭಾಗದ ತಗಡು ಮತ್ತು ಸ್ಕ್ರೂ ನೋಡಿ, ತುಕ್ಕು ಅಲ್ಲೇ ಮೊದಲು ಕಾಣುವುದು. ಸ್ಕ್ರೂವಿನ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಮೂಲ ಬಿಲ್ಲು ಕೇಳಿ, ಸೀರಿಯಲ್ ನಂಬರ್ ಹೊಂದಿಸಿ ನೋಡಿ.

ಕಾರ್ಡು ಸೆಕೆಂಡ್ ಹ್ಯಾಂಡ್ ಇರಲಿ, ಪ್ರೊಸೆಸರೂ ಇರಲಿ, ಎಸ್‌ಎಂಪಿಎಸ್ ಮಾತ್ರ ಬೇಡ.

ಎಸ್‌ಎಂಪಿಎಸ್ ಬಗ್ಗೆ ಇಷ್ಟು ಯಾಕೆ ಹೇಳ್ತೀರಿ? ಕ್ಯಾಬಿನೆಟ್ ಜೊತೆ ಫ್ರೀ ಬರುತ್ತಲ್ಲ?

ಫ್ರೀ ಬರುವುದರ ಮೇಲಿನ ಚೀಟಿ ಒಮ್ಮೆ ಓದಿ. ದೊಡ್ಡದಾಗಿ 450 ಎಂದಿರುತ್ತದೆ. ಕೆಳಗೆ ಸಣ್ಣ ಕೋಷ್ಟಕದಲ್ಲಿ ಪ್ಲಸ್ 12 ವೋಲ್ಟ್ ಎಂಬ ಸಾಲು ಹುಡುಕಿ, ಅದರ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ. 16 ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟು. ಪ್ರೊಸೆಸರು, ಕಾರ್ಡು ಎರಡೂ ಕುಡಿಯುವುದು ಈ ಸಾಲಿನಿಂದಲೇ. ನಿಜವಾದ 450ರ ಚೀಟಿಯಲ್ಲಿ ಅಲ್ಲಿ 36 ಅಥವಾ ಅದರ ಆಸುಪಾಸು ಇರುತ್ತದೆ. ಆರ್‌ಎಕ್ಸ್ 6600ಕ್ಕೆ ಬೇಕಾದ ಎಂಟು ಪಿನ್ನಿನ ವಯರು ಫ್ರೀ ಪೀಸಿನಲ್ಲಿ ಇರುವುದೂ ಇಲ್ಲ. ಹಳೇ ಹಾರ್ಡ್‌ಡಿಸ್ಕಿನ ಎರಡು ವಯರು ಸೇರಿಸಿ ಒಂದು ಕನ್ವರ್ಟರ್ ಕೊಡುತ್ತಾರೆ. ಆ ಕನ್ವರ್ಟರಿನ ಪ್ಲಾಸ್ಟಿಕ್ಕು ಕರಗಿ ಕಾರ್ಡಿನ ಬಾಯಿಗೆ ಅಂಟಿಕೊಂಡದ್ದನ್ನು ನಾನು ಚಾಕುವಿನಿಂದ ಕೆರೆದು ತೆಗೆದಿದ್ದೇನೆ. ಅಕ್ಕನ ಮಗನ ಪಿಸಿ. ಕೆರೆಯುವಾಗ ಅವನು ಪಕ್ಕದಲ್ಲೇ ಕೂತಿದ್ದ, ಒಂದು ಮಾತಾಡಲಿಲ್ಲ.

ಎರಡನೇ ವಿಷಯ ವೋಲ್ಟೇಜು. ಹಳ್ಳಿ ಕಡೆ ಸಂಜೆ ಎಲ್ಲರ ಮನೆ ಲೈಟು, ಮಿಕ್ಸಿ, ತೋಟದ ಪಂಪ್‌ಸೆಟ್ಟು ಒಟ್ಟಿಗೆ ಎದ್ದಾಗ 230 ಇರಬೇಕಾದ್ದು 170ಕ್ಕೋ 160ಕ್ಕೋ ಬಂದು ನಿಲ್ಲುತ್ತದೆ. ಟ್ಯೂಬ್‌ಲೈಟು ಹತ್ತುವುದಿಲ್ಲ, ಫ್ಯಾನು ನಿದ್ದೆಗಣ್ಣಿನಲ್ಲಿ ತಿರುಗುತ್ತದೆ. ಹಿಂಭಾಗದಲ್ಲಿ 115/230 ಎಂಬ ಕೆಂಪು ಸ್ವಿಚ್ಚಿರುವ ಅಗ್ಗದ ಎಸ್‌ಎಂಪಿಎಸ್ ಆಗ ಆರಿಹೋಗುತ್ತದೆ, ಆಟದ ನಡುವೆ ಪಿಸಿ ತಾನೇ ರೀಸ್ಟಾರ್ಟ್ ಆಗುತ್ತದೆ. ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ, ಚೀಟಿಯಲ್ಲಿ 100–240 ವೋಲ್ಟ್ ಎಂದು ಬರೆದಿರುವ ಎಸ್‌ಎಂಪಿಎಸ್ಸಿಗೆ 160 ಏನೂ ಅಲ್ಲ. ಸ್ಟೆಬಿಲೈಸರ್ ಬೇಕಾ ಎಂದು ಕೇಳುವವರಿಗೆ ಇದೇ ಉತ್ತರ: ಆ ದುಡ್ಡನ್ನು ಎಸ್‌ಎಂಪಿಎಸ್ಸಿಗೆ ಸೇರಿಸಿ. ಬೆಂಗಳೂರಿನಲ್ಲಿ ಕೂತು ವಿಡಿಯೋ ಮಾಡುವವರು ಈ 100–240 ಸಾಲನ್ನು ಓದಿ ಹೇಳುವುದಿಲ್ಲ, ಅವರಿಗೆ ಅದರ ಅಗತ್ಯ ಬಿದ್ದಿಲ್ಲ.

550 ವ್ಯಾಟು, 80 ಪ್ಲಸ್ ಬ್ರಾಂಜ್ (ಕರೆಂಟು ಪೋಲು ಮಾಡುವುದಿಲ್ಲ ಎಂಬ ದರ್ಜೆಯ ಗುರುತು), ಐದು ವರ್ಷ ವಾರಂಟಿ. ಮೇಲೆ ಹೇಳಿದ ಯಾವ ಕಾರ್ಡಿಗೂ ಸಾಕು. ಮೊದಲು ಇದನ್ನು ಕೊಳ್ಳಿ, ಉಳಿದ ದುಡ್ಡಿನಲ್ಲಿ ಮಿಕ್ಕಿದ್ದು.

ಕರೆಂಟು ಹೋದರೆ? ಮನೆಯಲ್ಲಿ ಇನ್ವರ್ಟರ್ ಇದೆ.

1948ರಿಂದ ಜೋಗದಲ್ಲಿ ವಿದ್ಯುತ್ತು ತೆಗೆಯುತ್ತಿರುವ ಜಿಲ್ಲೆ ನಮ್ಮದು. ಆದರೂ ಜೂನ್ ತಿಂಗಳ ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಬುಡ್ಡಿ ದೀಪವೇ ಗತಿ. ಹಾಗಾಗಿ ಈ ಪ್ರಶ್ನೆ ಸರಿಯಾದದ್ದೇ.

ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಕರೆಂಟಿಲ್ಲದೆ ತಡೆದುಕೊಳ್ಳುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಹದಿನಾರೋ ಹದಿನೇಳೋ ಪಾಲು ಮಾತ್ರ. ಅಷ್ಟರೊಳಗೆ ಬ್ಯಾಟರಿಗೆ ಬದಲಾಗದಿದ್ದರೆ ಪಿಸಿ ಆಫ್. ಮನೆ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚು ಸಾಮಾನ್ಯವಾಗಿ ಹಿಂದೆ ಇರುತ್ತದೆ, ಅದನ್ನು ಆ ಕಡೆ ಹಾಕಿದರೆ ಬೇಗ ಬದಲಾಗುತ್ತದೆ. ಆದರೆ ಇನ್ವರ್ಟರು ಸೈನ್‌ವೇವ್, ಅಂದರೆ ಲೈನಿನ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು, ಆಗಿರಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರಿಗೆ ಒಳ್ಳೆಯ ಎಸ್‌ಎಂಪಿಎಸ್ ಹಾಕಿದರೆ ಅದು ಗುಂಯ್‌ಗುಡುತ್ತದೆ.

ನನ್ನ ಸಲಹೆ ಒಂದು ಪ್ರತ್ಯೇಕ ಯುಪಿಎಸ್. 600 ವಿಎ ಎಂದಿರುವುದು ಕೊಡುವುದು ಸುಮಾರು 360 ವ್ಯಾಟು. ಆಟ ಆಡುವಾಗ ನಿಮ್ಮ ಪಿಸಿ, ಮಾನಿಟರು ಸೇರಿ 250–280 ಎಳೆಯುತ್ತದೆ. ಸೇವ್ ಮಾಡಿ ಶಟ್‌ಡೌನ್ ಮಾಡಲು ಸಿಗುವುದು ಕೆಲವೇ ನಿಮಿಷ, ಅಷ್ಟು ಸಾಕು. ವೋಲ್ಟೇಜ್ ತೀರಾ ಕಡಿಮೆ ಇರುವ ಮನೆಗಳಲ್ಲಿ ಯುಪಿಎಸ್ಸು ಸಂಜೆಯಿಡೀ ಟಕ್ ಟಕ್ ಎಂದು ಬ್ಯಾಟರಿಗೆ ಹೋಗಿ ಬರುತ್ತಿರುತ್ತದೆ, ಒಂದೇ ಮಳೆಗಾಲದಲ್ಲಿ ಬ್ಯಾಟರಿ ಮಲಗುತ್ತದೆ. ಇಂಥ ಕಡೆ ಎಷ್ಟು ವೋಲ್ಟಿನವರೆಗೆ ಬ್ಯಾಟರಿಗೆ ಹೋಗದೆ ನಿಭಾಯಿಸುತ್ತದೆ ಎಂದು ಡಬ್ಬಿಯ ಮೇಲೆ ಓದಿ ಕೊಳ್ಳಿ.

ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ.

ಅರ್ಥಿಂಗ್ ಇಲ್ಲ, ಅಥವಾ ಹೆಸರಿಗಷ್ಟೇ ಇದೆ. ಎಸ್‌ಎಂಪಿಎಸ್ಸಿನೊಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಬಾಡಿಗೆ ಒಂದೊಂದು ಪುಟ್ಟ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಅರ್ಥ್ ಸಿಗದಿದ್ದರೆ ಇಡೀ ತಗಡಿನ ಪೆಟ್ಟಿಗೆ 115 ವೋಲ್ಟಿನ ಹತ್ತಿರ ತೇಲುತ್ತಿರುತ್ತದೆ. ಹರಿಯುವ ಕರೆಂಟು ಅತಿ ಕಡಿಮೆ, ಹಾಗಾಗಿ ಬರೀ ಜುಂ. ಆದರೆ ಒಳಗೆ ಬೇರೇನಾದರೂ ಕೆಟ್ಟು ಪೂರ್ತಿ ಫೇಸು ಬಾಡಿಗೆ ಬಂದ ದಿನ ಕಾಪಾಡಲು ಏನೂ ಇರುವುದಿಲ್ಲ. ಕಾಲಡಿ ಮಣೆ ಹಾಕಿಕೊಂಡು ಆಡುವುದು ಪರಿಹಾರವಲ್ಲ. ವಯರಿಂಗ್ ಬಲ್ಲವರನ್ನು ಕರೆಸಿ ಮಲ್ಟಿಮೀಟರಿನಲ್ಲಿ ನೋಡಿಸಿ: ಫೇಸಿಗೂ ಅರ್ಥಿಗೂ 230ರ ಸಮೀಪ, ನ್ಯೂಟ್ರಲ್ಲಿಗೂ ಅರ್ಥಿಗೂ ಒಂದೆರಡು ವೋಲ್ಟು ಇರಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಕಲ್ಲಾಗಿ ಒಣಗುತ್ತದೆ. ಮಳೆಗಾಲದಲ್ಲಿ ಸರಿ ಇದ್ದ ಅರ್ಥಿಂಗು ಏಪ್ರಿಲ್‌ನಲ್ಲಿ ಕೈಕೊಡುವುದು ಅದಕ್ಕೇ. ಗುಂಡಿಗೆ ಇದ್ದಿಲು, ಉಪ್ಪು, ವಾರಕ್ಕೆರಡು ಕೊಡ ನೀರು.

ಸಿಡಿಲಿಗೆ?

ಪ್ಲಗ್ ಕಿತ್ತಿಡಿ, ಸ್ವಿಚ್ಚು ಆರಿಸಿದರೆ ಸಾಲದು. ಲ್ಯಾನ್ ವಯರನ್ನೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಮೋಡೆಮ್ಮಿನ ಅಡಾಪ್ಟರು ಗೋಡೆಗೆ ಚುಚ್ಚಿರುತ್ತದಲ್ಲ, ಅಲ್ಲಿಂದ ಲ್ಯಾನ್ ವಯರಿನಲ್ಲಿ ಬೋರ್ಡಿಗೆ ಬರುತ್ತದೆ.

ಮಳೆಗಾಲದ ಥಂಡಿಗೆ ಪಿಸಿ ಹಾಳಾಗಲ್ವಾ?

ಆಗುಂಬೆ ಸುತ್ತ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ, ಹಾಗಾಗಿ ಈ ಹೆದರಿಕೆ ಸಹಜ. ಆದರೆ ದಿನವೂ ಓಡುವ ಪಿಸಿಗೆ ಥಂಡಿ ತಾಗುವುದು ಕಡಿಮೆ, ಒಳಗಿನ ಶಾಖವೇ ಅದಕ್ಕೆ ಮೈ ಕಾಯಿಸುವ ಹೊಡಸಲಿದ್ದ ಹಾಗೆ. ಹಾಳಾಗುವುದು ಮುಚ್ಚಿಟ್ಟದ್ದು. ಆಷಾಢದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಮಾಡಿ. ಪ್ಲಾಸ್ಟಿಕ್ ಕವರು ಬಿಗಿಯಾಗಿ ಸುತ್ತಬೇಡಿ, ಒಳಗಿನ ಪಸೆ ಅಲ್ಲೇ ಉಳಿಯುತ್ತದೆ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಪಿಸಿ ನೆಲದ ಮೇಲೆ ಬೇಡ, ಹೊರಗೋಡೆಗೆ ಒತ್ತಿಯೂ ಬೇಡ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಕೋಣೆ ಅಂತೂ ಬೇಡವೇ ಬೇಡ, ಆ ಜಿಗುಟು ಮಸಿ ಫ್ಯಾನಿನ ಎಲೆಗೆ ಕೂತರೆ ಬ್ರಷ್ಷಿಗೆ ಬರುವುದಿಲ್ಲ.

ಥಂಡಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕುಂಬಾರ ಹುಳ. ಒಮ್ಮೆ ಬೇಸಗೆಯಲ್ಲಿ ತಿಂಗಳೊಪ್ಪತ್ತು ಊರಲ್ಲಿರಲಿಲ್ಲ. ಬಂದು ನೋಡಿದರೆ ಮಾನಿಟರಿನ ವಯರು ಕೂರುತ್ತಿಲ್ಲ. ಟಾರ್ಚು ಹಿಡಿದರೆ ಎಚ್‌ಡಿಎಂಐ ಬಾಯಿಯ ತುಂಬ ನುಣ್ಣಗೆ ಮೆತ್ತಿದ ಕೆಮ್ಮಣ್ಣು. ಹಲ್ಲುಕಡ್ಡಿಯಿಂದ ಚೂರು ಚೂರೇ ಬಿಡಿಸಿದೆ. ಒಳಗೆ ಸತ್ತಂತೆ ಬಿದ್ದಿದ್ದ ಪುಟ್ಟ ಜೇಡಗಳು, ಮರಿಯ ಊಟಕ್ಕೆಂದು ತಾಯಿ ಹುಳ ಚುಚ್ಚಿ ಇಟ್ಟಿದ್ದು. ಪಕ್ಕದ ಆಡಿಯೋ ತೂತಿನಲ್ಲೂ ಒಂದು ಮನೆ. ಈಗ ಬಳಸದ ತೂತುಗಳಿಗೆಲ್ಲ ರಬ್ಬರ್ ಬಿರಡೆ ಹಾಕಿದ್ದೇನೆ. ಮೂವತ್ತೋ ನಲವತ್ತೋ ರೂಪಾಯಿಗೆ ಒಂದು ಪ್ಯಾಕೆಟ್ ಸಿಕ್ಕಿತು.

ರ್ಯಾಮ್, ಎಸ್‌ಎಸ್‌ಡಿ?

ಡಿಡಿಆರ್4 ಆದರೆ 3200 ವೇಗದ್ದು, 8 ಜಿಬಿಯ ಎರಡು ಕಡ್ಡಿ. ಬಯೋಸಿನಲ್ಲಿ ರ್ಯಾಮನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಹಲವು ಕಡ್ಡಿಗಳು 2400ರಲ್ಲೋ 2666ರಲ್ಲೋ ತೆವಳುತ್ತವೆ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ, ಬೋರ್ಡಿಗೇ ಚುಚ್ಚುವಂಥದ್ದು. ಒಂದೊಂದು ಆಟವೇ 100 ಜಿಬಿ ನುಂಗುವ ಕಾಲ. ಹಳ್ಳಿಯ ಇಂಟರ್ನೆಟ್ಟಿನಲ್ಲಿ ಅಳಿಸಿ ಮತ್ತೆ ಇಳಿಸುವುದು ಎರಡು ರಾತ್ರಿಯ ಕೆಲಸ. ಆಟಕ್ಕೆ ಪಿಸಿಐಇ 3.0 ಎಸ್‌ಎಸ್‌ಡಿಯೂ ಧಾರಾಳ.

ಕ್ಯಾಬಿನೆಟ್ ಕೊಳ್ಳುವಾಗ ಏನು ನೋಡಲಿ?

ಮೂರು ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕಾರ್ಡಿನ ಉದ್ದ, ಕೂಲರಿನ ಎತ್ತರ, ಎಸ್‌ಎಂಪಿಎಸ್ಸಿನ ಉದ್ದ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 140 ಮಿ.ಮೀ. ಎಂದು ಪುಸ್ತಕದಲ್ಲಿರುತ್ತದೆ, ವಯರುಗಳು ಮಡಚಿಕೊಳ್ಳಲು ಇನ್ನೂ ಎರಡು ಬೆರಳು ಜಾಗ ಬೇಕು. ಮುಂಭಾಗ ಜಾಲರಿ ಇರಲಿ. ಗಾಜಿನ ಮುಖದವು ಫೋಟೋಕ್ಕೆ ಚೆಂದ, ಒಳಗೆ ಡ್ರೈಯರ್ ಮನೆ. ಬಣ್ಣದ ಲೈಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಿದರೆ ಹುಡುಗರು ಬೇಸರ ಮಾಡಿಕೊಳ್ಳುತ್ತಾರೆ.

ಶಿವಮೊಗ್ಗದಲ್ಲೇ ತಗೊಳ್ಳಲಾ, ಎಸ್.ಪಿ. ರೋಡಿಗೆ ಹೋಗಲಾ?

ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಹೋಗಿ ಸಂಜೆ ಅದೇ ರೈಲಿಗೆ ಬರಬಹುದು. ಐದಾರು ಅಂಗಡಿ ಹತ್ತಿಳಿದರೆ ಬೆಲೆಯೂ ಇಳಿಯುತ್ತದೆ, ಭಾನುವಾರ ಮಾತ್ರ ಹೋಗಬೇಡಿ. ಆದರೆ ಆರು ತಿಂಗಳ ಮೇಲೆ ಬೋರ್ಡು ಕೆಟ್ಟರೆ ಮತ್ತೆ ಬೆಂಗಳೂರು. ನಾನು ಹೀಗೆ ಮಾಡುತ್ತೇನೆ: ಕಾರ್ಡು, ಪ್ರೊಸೆಸರು, ಎಸ್‌ಎಸ್‌ಡಿ ಎಲ್ಲಿ ಅಗ್ಗವೋ ಅಲ್ಲಿ, ಬೋರ್ಡು, ಎಸ್‌ಎಂಪಿಎಸ್, ಯುಪಿಎಸ್, ಮಾನಿಟರು ಶಿವಮೊಗ್ಗದಲ್ಲಿ. ನೆಹರೂ ರೋಡು, ದುರ್ಗಿಗುಡಿ ಸುತ್ತಿದರೆ ಸಾಕು. ಸ್ವಲ್ಪ ಹೆಚ್ಚು ಕೊಟ್ಟದ್ದು, ಕೆಟ್ಟ ದಿನ ಹೋಗಿ ಮುಖ ನೋಡಿ ಕೇಳುವುದಕ್ಕೆ. ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಎಂದರೆ ವಾರಂಟಿಯೂ ಬೇಡ ಎಂದು ನೀವೇ ಒಪ್ಪಿದ ಹಾಗೆ.

ಕೊಟೇಶನ್ನಿನಲ್ಲಿ ‘ಎಸ್‌ಎಂಪಿಎಸ್ 500 ವ್ಯಾಟ್’ ಎಂದು ಕಂಪನಿ ಹೆಸರಿಲ್ಲದೆ ಬರೆದಿದ್ದರೆ ಆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.

ನಾನೇ ಜೋಡಿಸಬಹುದಾ?

ಖಂಡಿತ. ಒಂದು ಸ್ಟಾರ್ ಸ್ಕ್ರೂಡ್ರೈವರು, ಒಂದು ಮಧ್ಯಾಹ್ನ. ಎಎಂ4 ಪ್ರೊಸೆಸರಿನಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಗೇ ಇರುತ್ತವೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡಿನಲ್ಲಿ. ತ್ರಿಕೋನ ಗುರುತು ಹೊಂದಿಸಿದರೆ ತನ್ನ ಭಾರಕ್ಕೇ ಇಳಿದು ಕೂರುತ್ತದೆ, ಒತ್ತಬೇಕು ಅನ್ನಿಸಿದರೆ ಏನೋ ತಪ್ಪಿದೆ.

ನಾನು ಮಾಡಿದ ತಪ್ಪು ಬಿಚ್ಚುವಾಗಿನದು. ಎಎಂ4 ಕೂಲರನ್ನು ನೇರ ಮೇಲಕ್ಕೆ ಎಳೆದೆ. ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚುವ ಪೇಸ್ಟು ಒಣಗಿ ಅಂಟಾಗಿತ್ತು, ಸಾಕೆಟ್ಟಿನ ಬೀಗ ಹಾಕಿದ್ದ ಹಾಗೇ ಪ್ರೊಸೆಸರ್ ಕಿತ್ತುಕೊಂಡು ಬಂತು, ಒಂದು ಸಾಲು ಪಿನ್ನು ಗಾಳಿಗೆ ಮಲಗಿದ ಭತ್ತದ ಹಾಗೆ. ಹಳೆಯ ಲೆಡ್ ಪೆನ್ಸಿಲಿನ ಮೂತಿಯೊಳಗೆ ಒಂದೊಂದೇ ಪಿನ್ನು ತೂರಿಸಿ ನೆಟ್ಟಗೆ ಮಾಡಲು ರಾತ್ರಿ ಹನ್ನೊಂದಾಯಿತು. ಬದುಕಿಕೊಂಡಿತು. ನೀವು ಹತ್ತು ನಿಮಿಷ ಪಿಸಿ ಓಡಿಸಿ ಪೇಸ್ಟು ಬೆಚ್ಚಗಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ತೆಗೆಯಿರಿ.

ಎಲ್ಲ ತಿರುಗುತ್ತಿದೆ, ಪರದೆ ಕಪ್ಪು.

ಮಾನಿಟರಿನ ವಯರು ಬೋರ್ಡಿಗೆ ಚುಚ್ಚಿದ್ದೀರಿ. ಕಾರ್ಡಿಗೆ ಚುಚ್ಚಿ. ಆಗಲೂ ಬಾರದಿದ್ದರೆ ರ್ಯಾಮು ತೆಗೆದು ‘ಟಕ್’ ಅನ್ನುವವರೆಗೆ ಮತ್ತೆ ಕೂರಿಸಿ.

ರಜೆಗೆ ಊರಿಗೆ ಬಸ್ಸಲ್ಲಿ ಒಯ್ಯಬಹುದಾ?

ಪುಟ್ಟ ಪಿಸಿಯ ನಿಜವಾದ ಸುಖ ಇದೇ. ಮೂಲ ಡಬ್ಬಿ, ಅದರ ಥರ್ಮಾಕೋಲು ಎಸೆಯಬೇಡಿ. ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಬಟ್ಟೆ ಬ್ಯಾಗಿನ ನಡುವೆ ಇಡುವುದು ಉತ್ತಮ. ಬಿಚ್ಚಲು ಧೈರ್ಯವಿಲ್ಲದಿದ್ದರೆ ಬೋರ್ಡು ನೆಲಕ್ಕೆ ಸಮನಾಗಿ, ಕಾರ್ಡು ನೆಟ್ಟಗೆ ನಿಲ್ಲುವ ಹಾಗೆ ಪೆಟ್ಟಿಗೆಯನ್ನು ಮಲಗಿಸಿ. ನಿಂತ ಪೆಟ್ಟಿಗೆಯಲ್ಲಿ ಕಾರ್ಡು ಅಡ್ಡಲಾಗಿ ತೂಗುತ್ತದೆ, ತಿರುವು ರಸ್ತೆಯ ಕುಲುಕಿಗೆ ಸ್ಲಾಟು ಬಾಯಿಬಿಡುತ್ತದೆ. ಡಿಕ್ಕಿಗೆ ಹಾಕಲು ಕಂಡಕ್ಟರು ಎಷ್ಟೇ ಹೇಳಿದರೂ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಂದಿನ ಸೀಟು ಬೇಡ.

ವಿಂಡೋಸಿಗೂ ದುಡ್ಡು ಕೊಡಬೇಕಾ?

ಕೊಡಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಹಾಗಾಗಿ 11ನ್ನೇ ಲೆಕ್ಕಕ್ಕೆ ಹಿಡಿಯಿರಿ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮಿನ ಬಹಳಷ್ಟು ಆಟಗಳು ಪ್ರೋಟಾನ್ ಎಂಬ ತಂತ್ರಾಂಶದ ದಯೆಯಿಂದ ಪುಕ್ಕಟೆ ಸಿಗುವ ಲಿನಕ್ಸಿನಲ್ಲೂ ಓಡುತ್ತವೆ. ವ್ಯಾಲರೆಂಟ್ ಓಡುವುದಿಲ್ಲ. ಗೆಳೆಯರೆಲ್ಲ ಅದನ್ನೇ ಆಡುವವರಾದರೆ ಲಿನಕ್ಸಿನ ಮಾತೇ ಬೇಡ. ವಿಂಡೋಸ್ 11ರಲ್ಲಿ ಆ ಆಟಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತೆಯ ಸೆಟ್ಟಿಂಗುಗಳು ಬಯೋಸಿನಲ್ಲಿ ಆನ್ ಇರಬೇಕು, ಎರಡೂ ಮೇಲೆ ಹೇಳಿದ ಪ್ರೊಸೆಸರುಗಳಲ್ಲಿ ಸಾಧ್ಯ.

ಅಪ್ಪ ಕೇಳ್ತಾರೆ: ಕರೆಂಟ್ ಬಿಲ್ ಎಷ್ಟು ಬರುತ್ತೆ? ಗೃಹಜ್ಯೋತಿ ತಪ್ಪಿಹೋಗುತ್ತಾ?

ಅಪ್ಪನಿಗೆ ಲೆಕ್ಕ ತೋರಿಸಿ. 250 ವ್ಯಾಟಿನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ಮುಕ್ಕಾಲು ಯೂನಿಟ್ಟು, ತಿಂಗಳಿಗೆ 22ರಿಂದ 23. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದುಕೊಂಡವರಿದ್ದಾರೆ. 200 ಅಂದರೆ ಮೇಲಿನ ಮಿತಿ, ನಿಮ್ಮ ಮನೆಗೆ ಎಷ್ಟು ಪುಕ್ಕಟೆ ಎಂಬುದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಬಿಲ್ಲಿನಲ್ಲಿ ನಿಮ್ಮ ಅರ್ಹ ಯೂನಿಟ್ ನೋಡಿ, ಈಗಿನ ಬಳಕೆಗೆ 23 ಕೂಡಿಸಿ. ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200ನ್ನೇ ದಾಟಿದರೆ ಪೂರ್ತಿ ಬಿಲ್ಲು. ಒಬ್ಬ ಹುಡುಗ ಈ ಲೆಕ್ಕ ಹಾಕಿ, ಮನೆಯ ಹಳೇ 60 ವ್ಯಾಟಿನ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿ, ಅಪ್ಪನ ಬಾಯಿ ಮುಚ್ಚಿಸಿದ.

ಕೊಟೇಶನ್ ನಿಮಗೆ ಕಳಿಸಿದ್ರೆ ನೋಡ್ತೀರಾ?

ಕಳಿಸಿ. ಎಸ್‌ಎಂಪಿಎಸ್ ಚೀಟಿಯ ಫೋಟೋ ಮೊದಲು, 12 ವೋಲ್ಟಿನ ಸಾಲು ಕಾಣುವ ಹಾಗೆ.